ಹಳಿಯೊಳಗಿನ ಬಿರುಕು

ತೆಲಸಂಗಕ್ಕೆ ರೈಲಿಲ್ಲ. ಇಲ್ಲಿಯ ಜನ ರೈಲು ಹತ್ತಬೇಕೆಂದರೆ ಪಶ್ಚಿಮಕ್ಕೆ ಉಗಾರ, ಕುಡಚಿ ಕಡೆ ಹೋಗಬೇಕು, ಇಲ್ಲವೇ ಪೂರ್ವಕ್ಕೆ ವಿಜಯಪುರಕ್ಕೆ. ಮಿರಜ–ಬೆಳಗಾವಿ ಮಾರ್ಗ ಕೃಷ್ಣೆಯನ್ನು ದಾಟುವ ಈ ಸೀಮೆಯಲ್ಲಿ ಏಪ್ರಿಲ್ ಬಿಸಿಲೂ ಜೋರು, ಡಿಸೆಂಬರ್ ನಸುಕಿನ ಚಳಿಯೂ ಜೋರು. ಎರಡೂ ಹಳಿಯನ್ನು ಕಾಡುತ್ತವೆ.

ಉಕ್ಕು ಕಾದರೆ ಹಿಗ್ಗುತ್ತದೆ. ಬಿಗಿಯದೆ ಬಿಟ್ಟ ಒಂದು ಕಿಲೋಮೀಟರ್ ಹಳಿ 40 ಡಿಗ್ರಿ ಬಿಸಿಯೇರಿದರೆ ಸುಮಾರು 46 ಸೆಂಟಿಮೀಟರ್ ಉದ್ದವಾಗುತ್ತದೆ. ಹಿಂದೆ ತುಂಡುಹಳಿಗಳ ನಡುವೆ ಸಂದು ಬಿಡುತ್ತಿದ್ದುದು ಇದಕ್ಕೇ. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದು, ಕಾಂಕ್ರೀಟ್ ಸ್ಲೀಪರ್‌ಗೆ ಕ್ಲಿಪ್ ಹಾಕಿ, ಸುತ್ತ ಜಲ್ಲಿ ತುಂಬಿ ಹಿಡಿದಿಡುತ್ತಾರೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ, ಬಿಗಿದಾಗಿನ ಉಷ್ಣತೆಗಿಂತ 30 ಡಿಗ್ರಿ ಹೆಚ್ಚುಕಡಿಮೆಯಾದರೆ 50 ಟನ್ನಿಗೂ ಮೀರಿದ ಬಲ ಹುಟ್ಟುತ್ತದೆ. ಬೇಸಿಗೆಯಲ್ಲಿ ಜಲ್ಲಿ ಸಡಿಲಿದ್ದರೆ ಹಳಿ ಪಕ್ಕಕ್ಕೆ ಬಾಗುತ್ತದೆ. ಚಳಿಯಲ್ಲಿ ಆ ಬಲ ಎಳೆತವಾಗುತ್ತದೆ. ಬಿರುಕಿದ್ದ ಕಡೆ ಹಳಿ ತುಂಡಾಗುತ್ತದೆ.

ಬಿರುಕು ಹುಟ್ಟುವುದು ಚಕ್ರದ ಭಾರದಿಂದ. ಚಕ್ರ ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟು. ಟನ್ನುಗಟ್ಟಲೆ ಭಾರವೆಲ್ಲ ಅಲ್ಲೇ ಬೀಳುತ್ತದೆ. ವರ್ಷಗಟ್ಟಲೆ ಹೀಗೆ ತುಳಿಸಿಕೊಂಡ ಉಕ್ಕು ದಣಿಯುತ್ತದೆ. 2000ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ಇಂಥ ಬಿರುಕುಗಳಿದ್ದ ಹಳಿ ರೈಲಿನಡಿಯಲ್ಲೇ ಚೂರುಚೂರಾಗಿ ನಾಲ್ವರು ಸತ್ತರು. ಹಳಿ ಹದಗೆಟ್ಟಿರುವುದು ಮೊದಲೇ ಗೊತ್ತಿತ್ತು, ಬದಲಾಯಿಸುವುದು ತಡವಾಗಿತ್ತು.

ಒಳಗಿನ ಬಿರುಕನ್ನು ಕಂಡುಹಿಡಿಯುವುದು ಶ್ರವಣಾತೀತ ಧ್ವನಿ. ಕೈಯಿಂದ ತಳ್ಳುವ ಟ್ರಾಲಿಯ ಶೋಧಕಗಳು ಹಳಿಯ ಮೇಲೆ ಜಾರುತ್ತವೆ. ನಡುವೆ ಗಾಳಿ ಸೇರಿದರೆ ಧ್ವನಿ ಉಕ್ಕಿನೊಳಗೆ ಇಳಿಯದು; ಅದಕ್ಕೇ ನೀರು ಹರಿಸುತ್ತಾರೆ. ಬಿರುಕಿಗೆ ತಾಗಿದ ಧ್ವನಿ ಮರಳಿ ಬಂದು ಪರದೆಯಲ್ಲಿ ಗೆರೆಯಾಗಿ ಏಳುತ್ತದೆ. ಹಳಿಗೆ ಅಡ್ಡವಾಗಿ ಬೆಳೆದ ಬಿರುಕು ನೇರ ಕೆಳಗಿಳಿಯುವ ಧ್ವನಿಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಆದ್ದರಿಂದ 70 ಡಿಗ್ರಿ ಓರೆಯಾಗಿಯೂ ಧ್ವನಿ ಬಿಡುತ್ತಾರೆ.

ಯಂತ್ರ ಬರುವುದು ಆಗೊಮ್ಮೆ ಈಗೊಮ್ಮೆ. ಹಳಿ ನೋಡಿಕೊಳ್ಳುವ ಕೀಮ್ಯಾನ್ ಮಾತ್ರ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾನೆ. ಜಾರಿದ ಕ್ಲಿಪ್ಪನ್ನು ಬಡಿದು ಕೂರಿಸುತ್ತಾನೆ. ಆದರೆ ದೋಷ ಕಂಡರಷ್ಟೇ ಸಾಲದು, ಸರಿಪಡಿಸಲು ಹಳಿ ಖಾಲಿ ಸಿಗಬೇಕು. ರೈಲುಗಳು ಒಂದರ ಹಿಂದೊಂದು ಓಡುವ ಮಾರ್ಗದಲ್ಲಿ ರೈಲು ನಿಲ್ಲಿಸಿ ಕೆಲಸಕ್ಕೆ ಕೊಡುವ ಆ ‘ಬ್ಲಾಕ್’ ಸಿಗುವುದೇ ಕಷ್ಟ. ಹೊಸ ರೈಲು ಕೇಳುವಷ್ಟೇ ಗಟ್ಟಿಯಾಗಿ ನಾವು ಈ ಬಿಡುವನ್ನೂ ಕೇಳಬೇಕು. ದುರಸ್ತಿಗಾಗಿ ರೈಲು ಅರ್ಧ ತಾಸು ತಡವಾದರೆ ಅದು ನಮ್ಮ ಜೀವಕ್ಕಾಗಿಯೇ. ಹಳಿ ಮುರಿದದ್ದು ಕಣ್ಣಿಗೆ ಬಿದ್ದರೆ ಹತ್ತಿರದ ಗೇಟಿಗೋ ಸ್ಟೇಷನ್ನಿಗೋ ಕೂಡಲೇ ತಿಳಿಸಿ, ಇಲ್ಲವೇ 139ಕ್ಕೆ ಕರೆ ಮಾಡಿ.