50 ಎಚ್‌ಪಿ ಟ್ರ್ಯಾಕ್ಟರ್ ಎಷ್ಟು ಭಾರ ಬೇಕಾದರೂ ಎಳೆಯುತ್ತದೆಯೇ?

ಕಬ್ಬಿನ ಹಂಗಾಮು ಶುರುವಾದರೆ ಸಾಕು, ಒಂದೇ ಟ್ರ್ಯಾಕ್ಟರ್ ಎರಡು ಟ್ರಾಲಿ ಕಬ್ಬು ಎಳೆದೊಯ್ಯುವ ವಿಡಿಯೊಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ‘50 ಎಚ್‌ಪಿ ಗಾಡಿ, ಎಷ್ಟು ಹೇರಿದರೂ ಎಳೆಯುತ್ತೆ’ ಎಂಬ ಮಾತೂ ಜೊತೆಗಿರುತ್ತದೆ. ಇದು ನಿಜವೇ?

ಸಮತಟ್ಟಾದ ರಸ್ತೆಯಲ್ಲಿ ಎಳೆಯಬಹುದು. ಆದರೆ ಎಳೆದಿದ್ದೆಲ್ಲ ಸುರಕ್ಷಿತವಲ್ಲ.

ಎಳೆಯುವುದು ಏಕೆ ಸುಲಭ?

ಡಾಂಬರು ರಸ್ತೆಯಲ್ಲಿ ಟೈರ್ ಉರುಳಲು ಒಟ್ಟು ತೂಕದ ಸುಮಾರು 2%ರಷ್ಟು ಬಲ ಸಾಕು. 16 ಟನ್ ಎಳೆಯಲು ಸುಮಾರು 320 ಕೆಜಿ ಬಲ. ಎಚ್‌ಪಿ ಎನ್ನುವುದು ಎಂಜಿನ್ ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದರ ಅಳತೆ. ಭಾರವನ್ನು ನಿಲ್ಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಲ್ಲಿಸುವ ಲೆಕ್ಕ ಬೇರೆ

ಟ್ರ್ಯಾಕ್ಟರ್ 2 ಟನ್, ಕಬ್ಬು ತುಂಬಿದ ಎರಡು ಟ್ರಾಲಿ ತಲಾ 8 ಟನ್ ಎಂದುಕೊಳ್ಳಿ. ಒಟ್ಟು 18 ಟನ್. ಅನೇಕ ಟ್ರಾಲಿಗಳಿಗೆ ಬ್ರೇಕ್ ಇರುವುದಿಲ್ಲ. ಅಷ್ಟನ್ನೂ ಟ್ರ್ಯಾಕ್ಟರ್ ಬ್ರೇಕ್ ಒಂದೇ ತಡೆಯಬೇಕು.

ಗಂಟೆಗೆ 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಬರೀ ಟ್ರ್ಯಾಕ್ಟರ್ ಸುಮಾರು 4 ಮೀಟರ್‌ಗೆ ನಿಲ್ಲುತ್ತದೆ ಎನ್ನೋಣ. ಅದೇ ಬ್ರೇಕ್‌ನಲ್ಲಿ 18 ಟನ್ ನಿಲ್ಲಲು ಸುಮಾರು 25 ಮೀಟರ್ ಬೇಕು. ವೇಗ 40 ಕಿ.ಮೀ. ಆದರೆ ಸುಮಾರು 100 ಮೀಟರ್!

ಇಳಿಜಾರಿನಲ್ಲಿ ಇನ್ನೂ ಅಪಾಯ. 10 ಮೀಟರ್‌ಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ 18 ಟನ್ ಭಾರ ಸುಮಾರು 1,800 ಕೆಜಿ ಬಲದಿಂದ ಮುಂದಕ್ಕೆ ನೂಕುತ್ತದೆ. ಈ ಉದಾಹರಣೆಯ ಬ್ರೇಕ್‌ನ ಬಲ ಸುಮಾರು 800 ಕೆಜಿ, ಟೈರ್‌ಗಳ ತಡೆ 360 ಕೆಜಿ. ಎರಡೂ ಸೇರಿ 1,160 ಮಾತ್ರ. ಬ್ರೇಕ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದರಂತೂ ಎಂಜಿನ್‌ನ ಹಿಡಿತವೂ ತಪ್ಪುತ್ತದೆ. ಏರಿನಲ್ಲಿ ಮುಂದಿನ ಚಕ್ರ ಮೇಲೆದ್ದರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ.

ಮಿತಿ ತಿಳಿಯುವುದು ಹೇಗೆ?

1. ಟ್ರಾಲಿಯ ಆರ್‌ಸಿ ನೋಡಿ. ಅದರಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ, ಎಷ್ಟು ಹೇರಬಹುದು ಎಂಬುದು ಸಿಗುತ್ತದೆ.
2. ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿ ಎಳೆಯಬಹುದಾದ ಟ್ರಾಲಿಯ ಗರಿಷ್ಠ ತೂಕ ನೋಡಿ.
3. ಕೊಂಡಿ ಮತ್ತು ಟೈರ್‌ಗಳ ಮಿತಿಯನ್ನೂ ನೋಡಿ.
4. ಇವುಗಳಲ್ಲಿ ಯಾವುದು ಮೊದಲು ಮುಟ್ಟುತ್ತದೋ ಅದೇ ನಿಮ್ಮ ಮಿತಿ.
5. ಕಾರ್ಖಾನೆಯ ತೂಕದ ಚೀಟಿ ಜೊತೆ ಹೋಲಿಸಿ. ಮೀರಿದ್ದರೆ ಮುಂದಿನ ಸಲ ಕಡಿಮೆ ಹೇರಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರುವಂತಿಲ್ಲ. ಮೀರಿದರೆ 194ನೇ ಸೆಕ್ಷನ್‌ನಡಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ತೀರ್ಮಾನ

ಎಚ್‌ಪಿ ನೋಡಿ ಭಾರ ಹೇರುವುದು ತಪ್ಪು. ಎಷ್ಟು ಎಳೆಯುತ್ತದೆ ಎಂದು ಕೇಳುವ ಮೊದಲು, ಎದುರಿಗೆ ಮಗು ಓಡಿಬಂದರೆ ಎಷ್ಟರಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಳ್ಳಿ. ಅಂಥ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಈ ಲೆಕ್ಕವನ್ನೂ ಕಳುಹಿಸಿ.