ಪ್ರಶ್ನೆ ಕೇಳಿದ ಮೇಲಿನ ಮೂರು ಸೆಕೆಂಡು

ಮೇಷ್ಟ್ರನ್ನೋ ಟೀಚರನ್ನೋ ಮದುವೆಯಾದವರ ಮಾಮೂಲಿ ದೂರು ಒಂದಿದೆ: ‘ಮನೆಯಲ್ಲೂ ಪಾಠ ಶುರು ಮಾಡಬೇಡಿ.’ ದೂರು ನ್ಯಾಯವಾದದ್ದೇ. ಆದರೆ ಸಂಗಾತಿಗೆ ಬೇಸರ ತರಿಸುವುದು ಉಪದೇಶದ ದನಿ. ಒಳ್ಳೆಯ ಶಿಕ್ಷಕರ ನಿಜವಾದ ಕಸುಬು ಬೇರೆಯೇ ಇದೆ. ಅದನ್ನು ದಾಂಪತ್ಯಕ್ಕೆ ಧಾರಾಳವಾಗಿ ತರಬಹುದು ಎಂಬುದು ನನ್ನ ಗಟ್ಟಿ ನಂಬಿಕೆ.

ಆ ಕಸುಬಿನಲ್ಲಿ ಮೊದಲನೆಯದು ಕಾಯುವುದು. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಕೇಳಿ 1970ರ ದಶಕದಲ್ಲಿ ಒಂದು ಸಂಗತಿ ಹೇಳಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಸದಾ ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಮಗು ಮಾತು ನಿಲ್ಲಿಸಿದ ಮೇಲೂ ಅಷ್ಟೇ ಹೊತ್ತು ತಡೆಯಬೇಕು ಎಂದರು ರೋ. ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಹೇಳಲು ಕಷ್ಟವಾದ ಮಾತು ಬರುವುದು ಸಾಮಾನ್ಯವಾಗಿ ಆ ಬಿಡುವಿನಲ್ಲೇ.

ಮನೆಯಲ್ಲಿ ಏನಾಗುತ್ತದೆ ನೋಡಿ. ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಾ ‘ಇವತ್ತು ಸಾಕಾಗಿ ಹೋಯ್ತು ಕಣೋ’ ಅನ್ನುತ್ತಾಳೆ. ‘ಯಾಕೆ, ಏನಾಯ್ತು?’ ಅಂದವನು ಅದೇ ಉಸಿರಿನಲ್ಲಿ ‘ಮತ್ತೆ ಆ ಮ್ಯಾನೇಜರ್ ತಾನೆ? ಬಿಟ್ಟಾಕು ಆ ಕೆಲಸ’ ಅಂದುಬಿಡುತ್ತಾನೆ. ಪ್ರಶ್ನೆ, ಉತ್ತರ, ಪರಿಹಾರ ಮೂರೂ ಅವನದೇ. ‘ಏನಿಲ್ಲ ಬಿಡು’ ಎಂದು ಅವಳು ಒಳಗೆ ಹೋಗುತ್ತಾಳೆ. ಜೊತೆಗೆ ಕೂತು ಊಟ ಮಾಡುತ್ತಿದ್ದ ಗೆಳತಿಗೆ ವರ್ಗವಾದ ಸುದ್ದಿ ಅವಳಲ್ಲೇ ಉಳಿಯುತ್ತದೆ.

ಎರಡನೆಯದು ತಿದ್ದುವ ಕಲೆ. ನುರಿತ ಶಿಕ್ಷಕರು ಪ್ರಬಂಧದ ತಪ್ಪುಗಳನ್ನೆಲ್ಲ ಒಂದೇ ಸಲ ಕೆಂಪು ಮಾಡುವುದಿಲ್ಲ. ಈ ವಾರ ಇದೊಂದು ಸರಿಹೋದರೆ ಸಾಕು ಎಂದು ಆರಿಸಿಕೊಳ್ಳುತ್ತಾರೆ. ನಾವಾದರೋ ಒದ್ದೆ ಟವೆಲಿನಿಂದ ಜಗಳ ಶುರುಮಾಡಿ ಬೀಗರ ಮನೆಯ ಗೃಹಪ್ರವೇಶದವರೆಗೂ ಹೋಗುತ್ತೇವೆ. ಬಾಳಿಕೆ ಬರುವ ದಾಂಪತ್ಯಗಳಲ್ಲಿ ಭಿನ್ನಾಭಿಪ್ರಾಯದ ಮಾತುಕತೆಯಲ್ಲೂ ಒಂದು ಕಹಿಗೆ ಸುಮಾರು ಐದು ಒಳ್ಳೆಯ ನಡೆನುಡಿ ಇರುತ್ತದೆ ಎಂದು ಮನೋವಿಜ್ಞಾನಿ ಜಾನ್ ಗಾಟ್‌ಮನ್ ಗುರುತಿಸಿದ್ದರು.

ಇನ್ನೊಂದು, ಕೈಬಿಡುವುದು. ಕಲಿಯುವವರಿಗೆ ಬೇಕಾದಷ್ಟೇ ಆಸರೆ ಕೊಟ್ಟು, ಕ್ರಮೇಣ ಅದನ್ನು ಹಿಂದೆಗೆಯಬೇಕು ಎಂಬ ವಿಚಾರಕ್ಕೆ ಜೆರೋಮ್ ಬ್ರೂನರ್ ಮತ್ತು ಸಂಗಡಿಗರು 1976ರಲ್ಲಿ ರೂಪ ಕೊಟ್ಟರು. ಗಂಡ ಒಗ್ಗರಣೆಗೆ ನಿಂತಾಗ ಸಾಸಿವೆ ಸಿಡಿಯುವ ಮೊದಲೇ ‘ಬಿಡ್ರೀ, ನಾನೇ ಮಾಡ್ತೀನಿ’ ಎಂದು ಸೌಟು ಕಿತ್ತುಕೊಂಡರೆ ಅವನು ಕಲಿಯುವುದು ಯಾವಾಗ? ಬ್ಯಾಂಕು, ವಿಮೆ, ತೆರಿಗೆಯ ವಿಷಯದಲ್ಲಿ ಗಂಡಂದಿರು ಮಾಡುವುದೂ ಇದನ್ನೇ, ಪರಿಣಾಮ ಇನ್ನೂ ಘೋರ. ಗಂಡ ತೀರಿಕೊಂಡ ಮೇಲೆ ಪಾಲಿಸಿಯ ಕಾಗದ ಯಾವ ಬೀರುವಿನಲ್ಲಿದೆ ಎಂದೇ ತಿಳಿಯದೆ ಅಲೆದಾಡಿದ ಹೆಂಗಸರು ನಮ್ಮ ಸುತ್ತಲೇ ಇದ್ದಾರೆ.

ತರಗತಿಯಲ್ಲಿ ಅಂಕ ಕೊಡುವವರು ಒಬ್ಬರೇ. ಪ್ರೀತಿಯಲ್ಲಿ ಆ ಅಧಿಕಾರ ಯಾರಿಗೂ ಇಲ್ಲ, ಕಲಿಸುವ ಸರದಿ ದಿನಕ್ಕೆ ನಾಲ್ಕು ಸಲ ಅದಲುಬದಲಾಗುತ್ತದೆ. ಹಾಗಾಗಿ ಈ ಸಲದ ತೆರಿಗೆ ರಿಟರ್ನ್ಸ್ ಅವಳೇ ತುಂಬಲಿ. ಪಕ್ಕದಲ್ಲಿ ಕೂತವರು ಕೇಳಿದ್ದಕ್ಕಷ್ಟೇ ಉತ್ತರ ಹೇಳಲಿ, ಮೌಸ್ ಮುಟ್ಟದಿರಲಿ. ರಾತ್ರಿಯ ಸಾರಿನ ಒಗ್ಗರಣೆ ಅವರದು.