ವಿಧಾನಸಭೆಗೆ ನಮ್ಮ ಹೊಲದ ಪ್ರಶ್ನೆ

2023ರ ಮುಂಗಾರಿನಲ್ಲಿ ನನ್ನ ಮೂರು ಎಕರೆ ರಾಗಿ ತೆನೆ ಕಟ್ಟಲಿಲ್ಲ. ಸಾಲಿಗೆ ಹಾಕಿದ್ದ ಅವರೆ, ತೊಗರಿ ಅಲ್ಲೊಂದು ಇಲ್ಲೊಂದು ಉಳಿದವು. ದನಕ್ಕೆ ಹುಲ್ಲಾದರೂ ಆಗಲಿ ಅಂತ ಹಸಿಯಾಗಿಯೇ ಕೊಯ್ದು ಹಾಕಿದೆ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರಕಾರವೇ ಘೋಷಿಸಿತ್ತು. ಆದ್ದರಿಂದ ಇದು ನನ್ನೊಬ್ಬನ ಗೋಳಲ್ಲ.

ಬೆಳೆ ಪರಿಹಾರದ ಲೆಕ್ಕ ಹೀಗೆ. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ ಮಾತ್ರ. ಎಕರೆಗೆ ಹಾಕಿದರೆ 3,400ರ ಹತ್ತಿರ. ಮೂರು ಎಕರೆಗೆ ಹತ್ತು ಸಾವಿರದ ಮೇಲೆ ಬರಬೇಕು. ನನಗೆ ಮೊದಲ ಕಂತು ಅಂತ 2,000 ಬಂತು, ಆಮೇಲೆ 1,400 ಚಿಲ್ಲರೆ. ಅಲ್ಲಿಗೆ ನಿಂತುಹೋಯಿತು. ಅಂದರೆ ಒಂದು ಎಕರೆಯ ಹಣ. ಬಾಕಿ ಎರಡು ಎಕರೆ ಎಲ್ಲಿ ಹೋಯಿತು? ಬಿತ್ತಿದವನಿಗೆ ಗೊತ್ತು ಅದು ಅಲ್ಲೇ ಇದೆ ಅಂತ. ಕಂಪ್ಯೂಟರಿಗೆ ಗೊತ್ತಿಲ್ಲ.

ಒಂದು ಕಛೇರಿಗೆ ನಾಲ್ಕು ಸಲ ತಿರುಗಿದೆ. "ಮೇಲಿಂದ ಬಂದಷ್ಟು ಹಾಕಿದ್ದೀವಿ" ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ನಮ್ಮೂರಲ್ಲಿ ನನ್ನಂಗೆ ಇನ್ನೂ ಹನ್ನೊಂದು ಜನ ಇದ್ದರು. ಆಗ ಪಕ್ಕದ ಮನೆ ಚಿಕ್ಕಪ್ಪ ಒಂದು ಮಾತು ಹೇಳಿದರು: "ಕೆಳಗೆ ಕೇಳಿದ್ರೆ ಮೇಲೆ ಅಂತಾರೆ. ಹಂಗಾದ್ರೆ ಮೇಲೇನೇ ಕೇಳ್ಸಾನ ನಡಿ." ಆ ಮಾತಿನಿಂದಲೇ ನಾನು ವಿಧಾನಸಭೆಯ ಪ್ರಶ್ನೆ ಅನ್ನುವುದನ್ನು ಕಲಿತದ್ದು. ಏಳನೇ ತರಗತಿ ಓದಿದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲ ಪ್ರಶ್ನೆ ಠುಸ್ಸಾಯಿತು

ನಾವು ಹನ್ನೆರಡು ಜನ ಕೂತು ಒಂದು ಕಾಗದ ಬರೆದೆವು. "ಬರದಿಂದ ರೈತರು ಕಂಗಾಲಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಯಾವ ಕ್ರಮ ಕೈಗೊಳ್ಳಲಾಗಿದೆ?" ಬರೆದವನು ನಾನೇ. ಬಹಳ ಚೆನ್ನಾಗಿದೆ ಅನ್ನಿಸಿತ್ತು. ಒಬ್ಬ ಶಾಸಕರ ಕೈಗೆ ಕೊಟ್ಟೆವು, ಅವರು ಹಾಗೇ ಸಲ್ಲಿಸಿದರು. 2024ರ ಮಳೆಗಾಲದ ಅಧಿವೇಶನದಲ್ಲಿ ಉತ್ತರ ಬಂತು. ಮೊದಲನೆಯದಕ್ಕೆ "ಬಂದಿದೆ". ಎರಡನೆಯದಕ್ಕೆ "ನಿಯಮಾನುಸಾರ ಪರಿಹಾರ ವಿತರಿಸಲಾಗಿದೆ". ಮುಗಿಯಿತು.

ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ತಪ್ಪು ಉತ್ತರದ್ದಲ್ಲ. ನಾನು ಕೇಳಿದ್ದು ಗೊತ್ತಿದೆಯಾ ಅಂತ. ಅವರು ಗೊತ್ತಿದೆ ಅಂದರು. "ಊಟ ಆಯ್ತಾ" ಅಂತ ಕೇಳಿದರೆ "ಆಯ್ತು" ಅಂತಲೇ ತಾನೇ ಹೇಳೋದು? ಎಷ್ಟು ಮುದ್ದೆ ತಿಂದೆ ಅಂತ ಕೇಳಿದ್ದರೆ ಲೆಕ್ಕ ಬರುತ್ತಿತ್ತು.

ಪ್ರಶ್ನೆ ಹೇಗೆ ನಡೆಯುತ್ತದೆ

ವಿಧಾನಸಭೆ ಸೇರಿದ ದಿನ ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಶಾಸಕರು ಪ್ರಶ್ನೆಯನ್ನು ದಿನಗಟ್ಟಲೆ ಮುಂಚೆಯೇ ಬರೆದು ಕೊಟ್ಟಿರಬೇಕು, ಯಾಕಂದರೆ ಅದು ಇಲಾಖೆಗೆ ಹೋಗಿ, ಅಲ್ಲಿಂದ ಜಿಲ್ಲೆ, ತಾಲೂಕಿಗೆ ಇಳಿದು, ಮಾಹಿತಿ ಮತ್ತೆ ಮೇಲೆ ಹತ್ತಬೇಕು. ಅಧಿವೇಶನ ಶುರುವಾದ ಮೇಲೆ ಕಾಗದ ಹಿಡಿದು ಓಡಿದರೆ ಪ್ರಯೋಜನ ಇಲ್ಲ.

ಪ್ರಶ್ನೆಯಲ್ಲಿ ಎರಡು ಮುಖ್ಯ ಜಾತಿ. ಚುಕ್ಕೆ ಗುರುತಿನದು, ಚುಕ್ಕೆ ಗುರುತಿಲ್ಲದ್ದು. ಚುಕ್ಕೆ ಇದ್ದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಅದರ ಮೇಲೆ ಶಾಸಕರು ಉಪಪ್ರಶ್ನೆ ಹಾಕಬಹುದು. ನಮ್ಮ ವಿಧಾನಸಭೆಯಲ್ಲಿ ದಿನಕ್ಕೆ ಇಂಥವು 15 ಮಾತ್ರ. ಗಲಾಟೆ ಎದ್ದರೆ ಅದೂ ಇಲ್ಲ. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ, ಉಪಪ್ರಶ್ನೆ ಇಲ್ಲ. ಪೇಪರಿನಲ್ಲಿ ಹೆಸರು ಬರಲ್ಲ ಅಂತ ಇದನ್ನು ಸಸಾರ ಮಾಡುವವರು ಇದ್ದಾರೆ. ನನ್ನ ಅನುಭವದಲ್ಲಿ ಹೋಬಳಿ ಮಟ್ಟದ ಲೆಕ್ಕ ಬೇಕಾದರೆ ಇದೇ ವಾಸಿ. ಮಂತ್ರಿ ನಿಂತುಕೊಂಡು ಪಟ್ಟಿ ಓದೋಕಾಗಲ್ಲ, ಕಾಗದದಲ್ಲಿ ಅನುಬಂಧ ಅಂತ ಪೂರ್ತಿ ಪಟ್ಟಿ ಲಗತ್ತಿಸುತ್ತಾರೆ.

ಒಮ್ಮೆ ಪಾಸು ಸಿಕ್ಕಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದೆ. ಸಭಾಧ್ಯಕ್ಷರು ಹೆಸರು ಕರೆದರು. ಶಾಸಕರು ಎದ್ದರು. ಮಂತ್ರಿಗಳು "ಉತ್ತರ ಒದಗಿಸಲಾಗಿದೆ" ಅಂದರು. ಮುಖ್ಯವಾದದ್ದು ಆಮೇಲಿನ ಉಪಪ್ರಶ್ನೆ. ಕೈಯಲ್ಲಿ ಅಂಕಿ ಇಟ್ಟುಕೊಂಡ ಶಾಸಕರು ಎದ್ದಾಗ ಮಂತ್ರಿ ಹಿಂದಕ್ಕೆ ತಿರುಗಿ ಅಧಿಕಾರಿಗಳ ಕಡೆ ನೋಡಿದರು. ಬರಿಗೈಯಲ್ಲಿ ಎದ್ದವರು ಭಾಷಣ ಮಾಡಿ ಕೂತರು.

ಈ ಉತ್ತರ ಪಡೆಯುವ ಹಕ್ಕು ಸುಮ್ಮನೆ ಬಂದದ್ದಲ್ಲ. ನಮ್ಮ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತು. ಅವರ ಬೇಡಿಕೆ ಬಾವುಟ ಒಂದೇ ಅಂತ ನಾನು ಬಹಳ ದಿನ ತಿಳಿದಿದ್ದೆ. ಆಗಿನ ಮೈಸೂರು ಕಾಂಗ್ರೆಸ್ಸಿನ ದೊಡ್ಡ ಬೇಡಿಕೆ "ಜವಾಬ್ದಾರಿ ಸರಕಾರ". ಹಾಗಂದರೆ ಜನರ ಪ್ರತಿನಿಧಿಗಳಿಗೆ ಜವಾಬು ಕೊಡುವ ಸರಕಾರ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಆದರೆ ಅಲ್ಲಿ ರೈತರು, ವರ್ತಕರು ಕಷ್ಟ ಹೇಳಿಕೊಳ್ಳಬಹುದಿತ್ತು, ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಅಷ್ಟೇ. ದಿವಾನರನ್ನು ಇಳಿಸುವ ಶಕ್ತಿ ಆ ಸಭೆಗೆ ಇರಲಿಲ್ಲ. 1947ರ ಅಕ್ಟೋಬರಿನಲ್ಲಿ ನಮ್ಮ ಹಳೇ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ ಆ ಬೇಡಿಕೆ ಈಡೇರಿತು. ಸ್ಮಾರಕದ ಹತ್ತಿರ ಹೋದಾಗೆಲ್ಲ ನನಗೆ ನನ್ನ ಆ ಮೊದಲನೇ ಪ್ರಶ್ನೆ ನೆನಪಾಗಿ ನಾಚಿಕೆ ಆಗುತ್ತದೆ.

ಎರಡನೇ ಸಲ

ಶಾಸಕರ ಪಿ.ಎ. ಒಬ್ಬ ಹುಡುಗ, ಅವನೇ ನಮಗೆ ಗುರು. "ಯಜಮಾನ್ರೇ, ಕಷ್ಟ ಬರೀಬೇಡಿ, ಲೆಕ್ಕ ಕೇಳಿ" ಅಂದ. ವಾದ ಮಾಡುವ ಪ್ರಶ್ನೆ, ಅಭಿಪ್ರಾಯ ಕೇಳುವ ಪ್ರಶ್ನೆ, ಕೋರ್ಟಿನಲ್ಲಿರುವ ವಿಚಾರ, ಇವನ್ನೆಲ್ಲ ಸದನದ ಕಛೇರಿಯಲ್ಲೇ ತೆಗೆದುಹಾಕುತ್ತಾರಂತೆ. ರಾಜ್ಯದ ಕೈಯಲ್ಲಿ ಇಲ್ಲದ್ದನ್ನೂ ತೆಗೆಯುತ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕೃಷಿ, ನೀರು, ಭೂಮಿ ದಾಖಲೆ ಇವು ಸಂವಿಧಾನದ ಪ್ರಕಾರ ರಾಜ್ಯದ ಪಟ್ಟಿಯಲ್ಲಿವೆ. ಆದರೆ ಬರದ ಹಣದಲ್ಲಿ ಕೇಂದ್ರದ್ದೂ ಪಾಲಿದೆ. ಆ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಹಣ ಬರಲಿಲ್ಲ ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೇ ಹೋಯಿತು. ಏಪ್ರಿಲಿನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಇಂಥಾ ಕಡೆ "ಹಣ ಯಾಕೆ ಕಡಿಮೆ" ಅಂತ ವಿಧಾನಸಭೆಯಲ್ಲಿ ಕೇಳಿದರೆ ಇವರು ಅವರ ಕಡೆ ಬೆರಳು ತೋರಿಸುತ್ತಾರೆ. ಅದನ್ನು ಲೋಕಸಭೆಯಲ್ಲಿ ಸಂಸದರು ಕೇಳಬೇಕು. ಆದರೆ ಬಂದ ಹಣವನ್ನು ನಮ್ಮ ಹೋಬಳಿಯಲ್ಲಿ ಯಾರಿಗೆ ಹಂಚಿದಿರಿ, ಯಾರಿಗೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನೋದು ಪೂರ್ತಿ ರಾಜ್ಯದ್ದೇ. ಅಲ್ಲಿ ಬೆರಳು ತೋರಿಸೋಕೆ ಬೇರೆ ಯಾರೂ ಇಲ್ಲ.

ಹಾಗಾಗಿ ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಪ್ರಶ್ನೆಯನ್ನು ಹೀಗೆ ಮಾಡಿದೆವು. (ಅ) ಈ ಹೋಬಳಿಯಲ್ಲಿ 2023ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಮಳೆಯಾಶ್ರಿತ ವಿಸ್ತೀರ್ಣ ಎಷ್ಟು? (ಆ) ಅದರಲ್ಲಿ ಪರಿಹಾರ ಪಾವತಿಯಾದ ವಿಸ್ತೀರ್ಣ ಎಷ್ಟು, ರೈತರು ಎಷ್ಟು ಜನ? (ಇ) ಪಾವತಿಯಾಗದ ವಿಸ್ತೀರ್ಣ ಎಷ್ಟು, ಕಾರಣವಾರು ವಿವರ ನೀಡುವುದು. (ಈ) ಅವುಗಳನ್ನು ಸರಿಪಡಿಸಲು ಕಾಲಮಿತಿ ಏನು?

ಅಳು ಇಲ್ಲ, ಬೈಗುಳ ಇಲ್ಲ. ತಮ್ಮನ ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳು ನೀಟಾಗಿ ಬರೆದುಕೊಟ್ಟಳು. "ಕಾರಣವಾರು" ಅನ್ನುವ ಒಂದೇ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಉತ್ತರ ಬಂದ ಮೇಲೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದ್ದು ಬೇರೆ, ಫ್ರೂಟ್ಸ್ ಐಡಿಗೆ ಸರ್ವೆ ನಂಬರು ಸೇರಿಲ್ಲದ್ದು ಬೇರೆ, ಪಹಣಿಯ ಹೆಸರು ತಾಳೆಯಾಗದ್ದು ಬೇರೆ ಅಂತ ಪಟ್ಟಿ ಇತ್ತು. ನನ್ನ ಎರಡು ಎಕರೆ ಯಾವುದರಲ್ಲಿ ಬಿದ್ದಿದೆ ಅಂತ ನೋಡಿದ ಕೂಡಲೇ ತಿಳಿಯಿತು. ಅದು ಇನ್ನೂ ತೀರಿಹೋದ ನಮ್ಮಪ್ಪನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರು ನಾಳೆ ನಾಡಿದ್ದು ಅಂತ ಪೌತಿ ಖಾತೆ ಮಾಡಿಸದೆ ಹದಿನಾಲ್ಕು ವರ್ಷ ತಳ್ಳಿದ್ದೆವು. ಅರ್ಧ ತಪ್ಪು ನನ್ನದೇ. ಆದರೆ ನಾಲ್ಕು ಸಲ ಹೋದಾಗ ಇದನ್ನು ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದರೆ?

ಉತ್ತರ ಓದುವ ಬಗೆ

ಉತ್ತರದ ಕಾಗದದಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅದರಲ್ಲಿ ಕೆಲವು ಮಾತು ಪದೇ ಪದೇ ಬರುತ್ತವೆ. "ಉದ್ಭವಿಸುವುದಿಲ್ಲ" ಅಂದರೆ ಮೇಲಿನದಕ್ಕೆ ಇಲ್ಲ ಅಂದಿದ್ದೀವಿ, ಇನ್ನು ಕೆಳಗಿನದ್ದನ್ನು ಕೇಳಬೇಡಿ ಅಂತ. ಅದಕ್ಕೇ ಮೊದಲ ಪ್ರಶ್ನೆಯನ್ನು "ಇಲ್ಲ" ಅನ್ನಲು ಬರುವ ಹಾಗೆ ಇಡಬಾರದು. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದರೆ ಮುಂದಿನ ಅಧಿವೇಶನಕ್ಕೆ ಅದೇ ಪ್ರಶ್ನೆ ಮತ್ತೆ ಹಾಕಿಸಬೇಕು. "ಅನುದಾನದ ಲಭ್ಯತೆಗನುಗುಣವಾಗಿ" ಅಂದರೆ ಸದ್ಯಕ್ಕೆ ಮರೆತುಬಿಡಿ.

"ಕ್ರಮ ಕೈಗೊಳ್ಳಲಾಗುವುದು" ಅನ್ನುವುದನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಿ. ಮಂತ್ರಿ ಸದನದಲ್ಲಿ ಹಾಗೆ ಹೇಳಿದರೆ ಅದು ಭರವಸೆ. ಇಂಥ ಭರವಸೆ ಈಡೇರಿತೋ ಇಲ್ಲವೋ ಅಂತ ನೋಡುವುದಕ್ಕೇ ಶಾಸಕರ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಇದೆ. ನಮ್ಮ (ಈ)ಗೆ ಬಂದ ಉತ್ತರದಲ್ಲಿ ಈ ಮಾತಿತ್ತು, ತಾರೀಕು ಇರಲಿಲ್ಲ.

ಒಂದೇ ಪ್ರಶ್ನೆಯನ್ನು ವರ್ಷ ವರ್ಷ ಕೇಳಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಎತ್ತಿನಹೊಳೆ ನೋಡಿ. ನಮ್ಮ ಬಯಲುಸೀಮೆಗೆ ನೀರು ತರುವ ಆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಹಾಕುವ ಹೊತ್ತಿಗೆ 12,912 ಕೋಟಿ. 2023ರಲ್ಲಿ 23,251 ಕೋಟಿ. ನೀರು ಮಾತ್ರ ಅದೇ 24.01 ಟಿ.ಎಂ.ಸಿ. ಅಂತಲೇ ಕಾಗದದಲ್ಲಿದೆ. ಅಷ್ಟು ನೀರು ಅಲ್ಲಿ ಸಿಗುವುದಿಲ್ಲ, 9.55 ಟಿ.ಎಂ.ಸಿ. ಅಷ್ಟೇ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಲೆಕ್ಕ ಕೊಟ್ಟಿದ್ದಾರೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ನೀರೆತ್ತುವ ಮೊದಲ ಹಂತ ಉದ್ಘಾಟನೆಯಾಯಿತು. ಇನ್ನು ಮೇಲೆ "ಎತ್ತಿನಹೊಳೆ ಯಾವಾಗ ಬರುತ್ತದೆ" ಅಂತ ಕೇಳಿಸಬೇಡಿ, "ಬೇಗ" ಅಂತಾರೆ. ಯೋಜನೆಯಲ್ಲಿ 527 ಕೆರೆ ತುಂಬಿಸುವ ಮಾತಿದೆ. ಅದರಲ್ಲಿ ನಮ್ಮ ತಾಲೂಕಿನ ಕೆರೆಗಳ ಹೆಸರೇನು, ಒಂದೊಂದಕ್ಕೆ ಎಷ್ಟು ನೀರು, ಯಾವ ವರ್ಷ, ಈ ವರ್ಷ ಎತ್ತಿದ ನೀರು ಎಷ್ಟು? ಹೀಗೆ ಕೇಳಿಸಿ.

ಯಾರ ಕೈಯಲ್ಲಿ ಕೇಳಿಸುವುದು ಅಂತ ಕೆಲವರು ಕೇಳುತ್ತಾರೆ. ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಉತ್ತರ ಕೊಡುವವರು, ಪ್ರಶ್ನೆ ಕೇಳುವವರಲ್ಲ. ಆಗ ಪಕ್ಕದ ಕ್ಷೇತ್ರದವರನ್ನು ಹಿಡಿಯಿರಿ. ವಿಧಾನಪರಿಷತ್ತನ್ನು ನಾವು ಮರೆತೇಬಿಡುತ್ತೇವೆ. ಅಲ್ಲೂ ಪ್ರಶ್ನೋತ್ತರ ಇದೆ. ಅಲ್ಲಿನ ಕೆಲವರನ್ನು ಆರಿಸುವವರು ನಮ್ಮ ಗ್ರಾಮ ಪಂಚಾಯಿತಿ ಸದಸ್ಯರೇ, ಆದ್ದರಿಂದ ಪಂಚಾಯಿತಿ ಸದಸ್ಯನ ಮಾತನ್ನು ಅವರು ತೆಗೆದುಹಾಕಲ್ಲ. ಶಾಸಕರು ಆಡಳಿತ ಪಕ್ಷದವರಾದರೆ ಕೇಳಲು ಹಿಂದುಮುಂದು ನೋಡುವುದುಂಟು. ಆದರೆ ಲೆಕ್ಕ ಕೇಳುವ ಚುಕ್ಕೆ ಇಲ್ಲದ ಪ್ರಶ್ನೆಗೆ ಯಾರೂ ಅಷ್ಟು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ನನಗೆ ಕಂಡದ್ದು.

ನನ್ನ ಎರಡು ಎಕರೆಯ ಹಣ ಇವತ್ತಿಗೂ ಬಂದಿಲ್ಲ. ಅಣ್ಣ ಸಹಿ ಹಾಕಿದ, ಪೌತಿ ಖಾತೆ ಆಯಿತು, ಸರ್ವೆ ನಂಬರು ಫ್ರೂಟ್ಸಿಗೆ ಸೇರಿತು. ಹನ್ನೆರಡು ಜನರಲ್ಲಿ ಏಳು ಜನ ಹೀಗೆ ಮಾಡಿಸಿದರು. ಬಾಕಿ ಐವರ ಮನೆಯಲ್ಲಿ ಭಾಗದ ತಕರಾರು. ಅವರ ಥರದವರು ತಾಲೂಕಿನಲ್ಲಿ ಎಷ್ಟು ಜನ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿ ಎಷ್ಟು ಅಂತ ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಬರೆಯುತ್ತಿದ್ದೇವೆ. (ಅ), (ಆ) ಆಗಿದೆ. (ಇ)ಯಲ್ಲಿ ತಾರೀಕು ಕೇಳಬೇಕು, ಅದನ್ನು "ಶೀಘ್ರದಲ್ಲಿ" ಅಂತ ಜಾರಿಸಲು ಬರದ ಹಾಗೆ ಹೇಗೆ ಬರೆಯುವುದು ಅಂತ ಕೂತಿದ್ದೇವೆ. ನಿಮ್ಮ ಕಡೆ ಯಾರಾದರೂ ಹಾಗೆ ಬರೆದು ತಾರೀಕು ತೆಗೆಸಿದ್ದರೆ ಪತ್ರಿಕೆಗೆ ಒಂದು ಕಾರ್ಡು ಹಾಕಿ.